ಹನ್ನೆರಡು ವರ್ಷದ ಮುತ್ತಿಗೆಗೆ ಅಕ್ಕಿ ಎಲ್ಲಿಂದ ಬಂತು?

ಇಲ್ಲದ ಯುದ್ಧಕ್ಕೆ ಇತಿಹಾಸ ಬರೆಯುವುದು ಸುಲಭವೆಂದು ಯಾರಿಗಾದರೂ ಅನಿಸೀತು. ಸಾಕ್ಷಿ ಬೇಡ, ಶಾಸನ ಬೇಡ, ತಕರಾರು ತೆಗೆಯುವ ವಿದ್ವಾಂಸರೂ ಇಲ್ಲ. ಕೊಳ್ಳೇಗಾಲದ ನಮ್ಮ ಮನೆಯ ಪಡಸಾಲೆಯಲ್ಲಿ ಕಳೆದ ಕೆಲವು ತಿಂಗಳಿಂದ ಅಂತಹದೊಂದು ಇತಿಹಾಸ ಸಿದ್ಧವಾಗುತ್ತಿದೆ. ಅದರ ಸಲುವಾಗಿ ನಾವು ಸತ್ತೇಗಾಲದ ಹೊಳೆದಂಡೆಯಲ್ಲಿ ನಿಂತು ನೀರಿನ ಆಳ ಅಂದಾಜು ಮಾಡಿದ್ದೇವೆ. ಹನೂರಿನಲ್ಲಿ ಮಾದಪ್ಪನ ಕಥೆ ಬಲ್ಲ ಹಿರಿಯರ ಮುಂದೆ ಅರ್ಧ ದಿನ ಕೂತಿದ್ದೇವೆ. ಯಳಂದೂರಿನಲ್ಲಿ ದಿವಾನ್ ಪೂರ್ಣಯ್ಯನವರ ಬಂಗಲೆಯನ್ನು ಸುತ್ತು ಹಾಕಿ ಬಂದಿದ್ದೇವೆ. ಇಷ್ಟೆಲ್ಲ ಓಡಾಟ ಒಂದು ಆಟಕ್ಕಾಗಿ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರನ್ನು ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಹೊರತಂದ ಆಟ ಅದು. ಐದಾರು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಕಥೆಯೊಳಗಿನ ಪಾತ್ರಗಳಾಗುತ್ತಾರೆ. ಒಬ್ಬಳು ವೈದ್ಯೆ, ಒಬ್ಬ ಬಿಲ್ಲುಗಾರ, ಮತ್ತೊಬ್ಬ ಕಳ್ಳ. ಕಥೆ ನಡೆಸುವವನು ‘ಎದುರಿಗೆ ಹೊಳೆ ಇದೆ, ಆಚೆ ದಂಡೆಯಲ್ಲಿ ಪಂಜುಗಳು ಕಾಣುತ್ತಿವೆ, ಏನು ಮಾಡುತ್ತೀರಿ?’ ಎಂದು ಕೇಳುತ್ತಾನೆ. ಅವರು ಹೇಳಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಗೆದ್ದವರು, ಸೋತವರು ಎಂದು ಆಟ ಮುಗಿಯುವುದಿಲ್ಲ; ವಾರವಾರವೂ ಮುಂದುವರಿಯುತ್ತದೆ. ತಿಂಗಳುಗಟ್ಟಲೆ ನಡೆಯುವ ಇಂತಹ ಕಥೆಗೆ ಹುಡುಗರು ‘ಕ್ಯಾಂಪೇನ್’ ಅನ್ನುತ್ತಾರೆ. ನಮ್ಮ ಕಿವಿಗೆ ಅದು ಚುನಾವಣೆಯ ಶಬ್ದ.

ಮೈಸೂರಿನಲ್ಲಿ ಓದುವ ನಮ್ಮ ಸೋದರಳಿಯ ಇದನ್ನು ಕಲಿತು ಬಂದ. ಅವನ ತಂಗಿ, ಹನೂರಿನ ಇಬ್ಬರು ಗೆಳೆಯರು, ಯಳಂದೂರಿನ ಒಬ್ಬ ಹುಡುಗಿ ಸೇರಿ ಐವರ ಗುಂಪಾಯಿತು. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಮರಳುತ್ತಾರೆ. ಮೊದಲ ದಿನವೇ ದಾಳದ ಬಗ್ಗೆ ಮನೆಯ ಹಿರಿಯರು ಆಕ್ಷೇಪ ಎತ್ತಿದರು. ದಾಳದ ಆಟವನ್ನು ಪ್ರವಾದಿ(ಸ) ನಿಷೇಧಿಸಿದ ಹದೀಸ್ ಅವರಿಗೆ ಬಾಯಿಪಾಠವಾಗಿತ್ತು. ಹಣದ ಪಣವಿಲ್ಲ, ಜೂಜಲ್ಲ ಎಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಕೊನೆಗೆ ಇಪ್ಪತ್ತು ಹುಣಸೆ ಬೀಜದ ಮೇಲೆ ಒಂದರಿಂದ ಇಪ್ಪತ್ತರವರೆಗೆ ಅಂಕಿ ಬರೆದು, ಚೀಲದಿಂದ ಕಣ್ಣುಮುಚ್ಚಿ ತೆಗೆಯುವುದೆಂದು ತೀರ್ಮಾನವಾಯಿತು. ಇದರ ಫಿಖ್‌ಹ್ ವಿಚಾರವನ್ನು ಬಲ್ಲವರಿಗೆ ಬಿಡುತ್ತೇವೆ. ಮನೆಯಲ್ಲಿ ಶಾಂತಿ ನೆಲೆಸಿತು ಎಂಬುದಷ್ಟೇ ನಮ್ಮ ವರದಿ.

ಯುದ್ಧವನ್ನು ಮೇಜಿನ ಮೇಲೆ ಆಡುವುದು ಹೊಸದೇನಲ್ಲ. ಚದುರಂಗ ಇಲ್ಲಿಂದ ಪರ್ಶಿಯಾಕ್ಕೆ, ಅರಬರ ನಾಡಿಗೆ, ಅಲ್ಲಿಂದ ಯೂರೋಪಿಗೆ ನಡೆದುಹೋದದ್ದು ಎಲ್ಲರಿಗೂ ಗೊತ್ತು. ಪ್ರಷ್ಯಾದ ರೈಸ್‌ವಿಟ್ಜ್ ಎಂಬ ಸೇನಾಧಿಕಾರಿ 1824ರಲ್ಲಿ ನಿಜವಾದ ಭೂಪಟದ ಮೇಲೆ ಆಡುವ ಯುದ್ಧದಾಟವನ್ನು ಸೈನಿಕ ತರಬೇತಿಗೆಂದೇ ರೂಪಿಸಿದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿದ್ದು ಆ ವಂಶದಲ್ಲೇ. ನಮ್ಮ ಮೈಸೂರಿನಲ್ಲಿಯೂ ಒಬ್ಬ ದೊಡ್ಡ ಆಟಗಾರರಿದ್ದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷರು ಐದು ವರ್ಷದ ಮಗುವಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದರು. 1831ರಲ್ಲಿ ಆಡಳಿತವನ್ನು ಅವರಿಂದ ಕಿತ್ತುಕೊಂಡರು. ಮುಂದೆ ಆ ಅರಸರು ಚದುರಂಗದ ಕುದುರೆ ಅರವತ್ತನಾಲ್ಕು ಮನೆಯನ್ನೂ ಸುತ್ತುವ ಬಗೆಗಳನ್ನು ಹುಡುಕಿದರು, ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದರು. ‘ಶ್ರೀತತ್ತ್ವನಿಧಿ’ಯ ಒಂದು ಭಾಗ ಆಟಗಳಿಗೇ ಮೀಸಲು. ದಂಡು ಕೈಯಲ್ಲಿಲ್ಲದ ಅರಸನ ಕುದುರೆ ಮಣೆಯ ಮೇಲೆ ಓಡಿತು.

ಇನ್ನು ನಮ್ಮ ಹುಡುಗರ ಯುದ್ಧಕ್ಕೆ ಬರೋಣ.

ಕಥೆ ಶುರುವಾಗುವ ಹೊತ್ತಿಗೆ ಆ ಲೋಕದಲ್ಲಿ ಒಂದು ದೊಡ್ಡ ಯುದ್ಧ ನಡೆದುಹೋಗಿರಬೇಕು, ಅದರ ನೆನಪು ಊರೂರಲ್ಲಿ ಉಳಿದಿರಬೇಕು ಎಂಬುದು ಅಳಿಯನ ಯೋಜನೆ. ಮೊದಲ ಕರಡನ್ನು ಅವನೇ ಬರೆದ. ನದಿಯ ನಡುವೆ ದ್ವೀಪ, ದ್ವೀಪದಲ್ಲಿ ಕೋಟೆ, ಕೋಟೆಯೊಳಗೆ ಒಳ್ಳೆಯ ಅರಸ. ಮರುಭೂಮಿಯಿಂದ ಬಂದ ಶತ್ರುಗಳು, ಒಂದು ಲಕ್ಷ ಕುದುರೆ ಸವಾರರು. ಚಿತ್ರವನ್ನೂ ಬಿಡಿಸಿದ್ದ: ತಲೆಗೆ ರುಮಾಲು, ಎದೆಯವರೆಗೆ ಗಡ್ಡ, ಕಣ್ಣಿಗೆ ಸುರ್ಮಾ, ಕೈಯಲ್ಲಿ ಬಾಗಿದ ಕತ್ತಿ. ಅವನ ಅಜ್ಜಿ ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು. ನಂತರ ಗೋಡೆಯ ಮೇಲಿದ್ದ ತಮ್ಮ ಮಾವನವರ ಹಳೆಯ ಫೋಟೊ ನೋಡಿದರು. ‘ಇವರನ್ನು ನೋಡಿ ಬರೆದೆಯಾ ಮಗಾ?’ ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ; ಮೊಮ್ಮಗ ಮುತ್ತಜ್ಜನ ಚಿತ್ರ ಬರೆದಿದ್ದಾನೆಂದು ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಹುಡುಗ ಏನೂ ಹೇಳಲಿಲ್ಲ. ಹಾಳೆಯನ್ನು ಮಡಿಸಿ ಇಟ್ಟುಕೊಂಡ.

ಅವನನ್ನು ದೂರಿ ಪ್ರಯೋಜನವಿಲ್ಲ. ಅವನು ನೋಡಿದ ಸಿನಿಮಾಗಳಲ್ಲಿ, ಕಂಪ್ಯೂಟರ್ ಆಟಗಳಲ್ಲಿ ಶತ್ರು ಬರುವುದೇ ಹಾಗೆ. ದಾಳಿಕಾರ ಎಂದ ಕೂಡಲೇ ಕೈ ತಾನಾಗಿಯೇ ಗಡ್ಡ ಬರೆಯುತ್ತದೆ, ಮುಸ್ಲಿಮ್ ಮನೆಯ ಹುಡುಗನ ಕೈ ಕೂಡ. ಕಲ್ಪನೆಗೆ ಕಡಿವಾಣವಿಲ್ಲ ಅನ್ನುತ್ತಾರೆ. ಆದರೆ ಯಾರೋ ತುಳಿದು ಮಾಡಿಟ್ಟ ದಾರಿಯಲ್ಲೇ ಅದು ನಡೆಯುವುದು ಹೆಚ್ಚು. ‘ಮಾಮು, ಹಾಗಾದರೆ ನಮ್ಮ ಕಡೆಯ ಯುದ್ಧ ಹೇಗಿತ್ತು?’ ಎಂದು ಮರುದಿನ ಅವನು ಕೇಳಿದ. ನಮ್ಮ ಹುಡುಕಾಟ ಶುರುವಾದದ್ದು ಹೀಗೆ.

ಹುಡುಕಲು ದೂರ ಹೋಗಬೇಕಾಗಲಿಲ್ಲ. ನದಿಯ ನಡುವಿನ ದ್ವೀಪ, ದ್ವೀಪದ ಕೋಟೆ ನಮ್ಮ ತಾಲ್ಲೂಕಿನಲ್ಲೇ ಇದೆ. ಶಿವನಸಮುದ್ರದಲ್ಲಿ ಕಾವೇರಿ ಇಬ್ಭಾಗವಾಗಿ ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಡದ್ದು ಕೇಳಿದ್ದನ್ನು ಬರೆದುಕೊಂಡ. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಶಿವನಸಮುದ್ರದ ಅರಸ ಗಂಗರಾಜನ ಕಥೆ ಅದರಲ್ಲಿದೆ.

ಗಂಗರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ತೇಗಾಲದ ಹತ್ತಿರದ ಕಿಲಿಮಲೆಯ ಪಾಳೆಯಗಾರನಿಗೆ, ಇನ್ನೊಬ್ಬಳನ್ನು ಮದ್ದೂರಿನ ಹತ್ತಿರದ ನಗರಕೆರೆಯವನಿಗೆ ಕೊಟ್ಟಿದ್ದ. ತವರಿನ ವೈಭವ ಗಂಡನ ಮನೆಯಲ್ಲಿ ಇಲ್ಲವೆಂದು ಅವರು ದಿನವೂ ಚುಚ್ಚಿ ಮಾತಾಡುತ್ತಿದ್ದರಂತೆ. ರೋಸಿಹೋದ ಅಳಿಯಂದಿರಿಬ್ಬರೂ ಸೇರಿ ಮಾವನಿಗಿಂತ ತಾವು ಬಲಶಾಲಿಗಳೆಂದು ತೋರಿಸಲು ಶಿವನಸಮುದ್ರಕ್ಕೆ ಮುತ್ತಿಗೆ ಹಾಕಿದರು. ಹನ್ನೆರಡು ವರ್ಷ ಕಳೆದರೂ ದ್ವೀಪಕ್ಕೆ ಕಾಲಿಡಲಾಗಲಿಲ್ಲ. ಕೊನೆಗೆ ಗಂಗರಾಜನ ದಳವಾಯಿಗೆ ಆಮಿಷ ಒಡ್ಡಿದರು. ಹೊಳೆ ದಾಟಲು ಇದ್ದ ಒಂದೇ ಒಂದು ಹಾಯ್ಗಡದಿಂದ ದಳವಾಯಿ ಕಾವಲು ತೆಗೆಸಿದ. ಅರಸನಿಗೆ ಸುಳಿವು ಸಿಗಬಾರದೆಂದು ಅವನನ್ನು ಚದುರಂಗಕ್ಕೆ ಕೂರಿಸಿಕೊಂಡ. ಗದ್ದಲ ಕೇಳಿಸಿದಾಗ ಮಕ್ಕಳು ಆಡುತ್ತಿದ್ದಾರೆ ಎಂದ. ಅರಸನಿಗೆ ವಿಷಯ ಅರಿವಾಯಿತು. ಕತ್ತಿ ಹಿರಿದು ಮೊದಲು ತನ್ನ ಅಂತಃಪುರದ ಹೆಂಗಸರನ್ನೂ ಮಕ್ಕಳನ್ನೂ ಕೊಂದು, ಆಮೇಲೆ ಶತ್ರುಗಳ ನಡುವೆ ನುಗ್ಗಿ ಸತ್ತ. ಅದನ್ನು ಕಂಡು ದಿಗಿಲುಬಿದ್ದ ಅಳಿಯಂದಿರು ಗಗನಚುಕ್ಕಿಗೆ ಹಾರಿದರು. ಅವರ ಹೆಂಡತಿಯರೂ ಹಾರಿದರು.

ಈ ಕಥೆಯನ್ನು ಪಡಸಾಲೆಯಲ್ಲಿ ಓದಿ ಹೇಳಿದ ದಿನ ಐವರೂ ಚಹಾ ಮರೆತು ಕೂತಿದ್ದರು. ಆಟದೊಳಗೆ ಯುದ್ಧ ತರಲು ಹೊರಟವರಿಗೆ ಯುದ್ಧದೊಳಗೇ ಒಂದು ಆಟ ಸಿಕ್ಕಿತ್ತು.

ಇತಿಹಾಸಕಾರರು ಹೇಳುವುದು ಬೇರೆ. ವಿಜಯನಗರದ ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ, 1510ರ ಆಸುಪಾಸಿನಲ್ಲಿ, ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆ ಹಿಡಿದ. ಸೋತ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತ. ಹೆಸರು ಅದೇ, ಊರು ಅದೇ, ಹೊಳೆಯೂ ಅದೇ. ಆದರೆ ಜನ ಬುಕನನ್‌ಗೆ ಹೇಳಿದ ಕಥೆಯಲ್ಲಿ ಚಕ್ರವರ್ತಿಗೆ ಜಾಗವೇ ಇಲ್ಲ. ದೂರದಿಂದ ಬಂದ ದೊಡ್ಡ ದೊರೆಯನ್ನು ಕೈಬಿಟ್ಟು ಮನೆಯ ಅಳಿಯಂದಿರನ್ನು ಶತ್ರುಗಳನ್ನಾಗಿ ನಿಲ್ಲಿಸಿದ್ದಾರೆ. ನಮಗೆ ಇದು ತುಂಬ ಅಪರೂಪದ ಸಂಗತಿ ಅನಿಸಿತು. ಇಂದಿನ ಕಥೆಗಳು ಮನೆಯ ಜಗಳವನ್ನೂ ಹೊರಗಿನವನ ದಾಳಿ ಮಾಡಿ ತೋರಿಸುತ್ತವೆ. ಕಾವೇರಿ ದಂಡೆಯ ಜನ ಅದರ ತಿರುಗುಮುರುಗು ಮಾಡಿದ್ದರು.

ಅಳಿಯನ ತಂಗಿಗೆ ಮಾತ್ರ ಕಥೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ‘ಹೆಂಡತಿ ಒಂದು ಮಾತಂದಳು ಅಂತ ಯಾರಾದರೂ ಹನ್ನೆರಡು ವರ್ಷ ಹೊಳೆದಂಡೆಯಲ್ಲಿ ಕೂರುತ್ತಾರಾ? ಮಾತು ನೆಪ. ಅವರಿಗೆ ಹಾಯ್ಗಡ ಬೇಕಿತ್ತು, ಅಲ್ಲಿ ಬರುವ ಸುಂಕ ಬೇಕಿತ್ತು’ ಎಂದಳು. ಸುಂಕದ ಮಾತು ಅವಳ ಊಹೆ. ಆದರೆ ಯುದ್ಧ ಹೂಡಿದ ಗಂಡಸರು ಕಾರಣವನ್ನು ಅಡುಗೆಮನೆಯ ಕಡೆಗೆ ತಳ್ಳುತ್ತಾರೆ ಎಂಬ ಅವಳ ಗುಮಾನಿಗೆ ಮನೆಯ ಹೆಂಗಸರೆಲ್ಲ ತಲೆದೂಗಿದರು. ಆಟದ ಇತಿಹಾಸದಲ್ಲಿ ಈಗ ಎರಡು ಪಾಠಗಳಿವೆ. ಊರಿನ ಗಂಡಸರನ್ನು ಕೇಳಿದರೆ ಒಂದು ಕಾರಣ ಹೇಳುತ್ತಾರೆ, ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ಕೇಳಿದರೆ ಇನ್ನೊಂದು.

ಇನ್ನು ಒಂದು ಲಕ್ಷದ ವಿಚಾರ. ಅಳಿಯನ ಕರಡಿನಲ್ಲಿದ್ದ ಆ ಒಂದು ಲಕ್ಷ ಸವಾರರನ್ನು ಹಾಗೆಯೇ ಬಿಡಬೇಕೆ ಎಂಬ ಪ್ರಶ್ನೆ ಬಂತು. ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಖದ್ದಿಮಾ’ದ ಮೊದಲಲ್ಲೇ ಇಂತಹ ಲೆಕ್ಕಗಳನ್ನು ಜಾಲಾಡಿದ್ದಾರೆ. ಮೂಸಾ ಪ್ರವಾದಿಯವರ(ಅ) ಸೈನ್ಯದಲ್ಲಿ ಆರು ಲಕ್ಷ ಜನರಿದ್ದರೆಂದು ಹಿಂದಿನ ಇತಿಹಾಸಕಾರರು ಬರೆದಿದ್ದರು. ಅಷ್ಟು ಜನರನ್ನು ಸಾಕುವ ಶಕ್ತಿ ಆ ನೆಲಕ್ಕಿತ್ತೇ, ಅಷ್ಟು ದೊಡ್ಡ ದಂಡು ಸಾಲುಗಟ್ಟಿ ನಿಂತರೆ ಒಂದು ತುದಿಯವರಿಗೆ ಇನ್ನೊಂದು ತುದಿಯಲ್ಲಿ ನಡೆಯುವುದು ತಿಳಿಯುತ್ತದೆಯೇ ಎಂದು ಅವರು ಕೇಳುತ್ತಾರೆ. ವರದಿ ಎಷ್ಟೇ ಹಳೆಯದಾಗಿರಲಿ, ಅಕ್ಕಿ ನೀರಿನ ಲೆಕ್ಕಕ್ಕೆ ಸಿಗದಿದ್ದರೆ ಅದನ್ನು ನಂಬಬೇಡಿ ಎಂಬುದು ಅವರ ಧಾಟಿ.

ನಾವೂ ಲೆಕ್ಕ ಹಾಕಲು ಕೂತೆವು. ಆಳಿಗೆ ದಿನಕ್ಕೆ ಅರ್ಧ ಕಿಲೊ ಧಾನ್ಯವೆಂದರೂ ಒಂದು ಲಕ್ಷ ಜನರಿಗೆ 500 ಕ್ವಿಂಟಲ್. ಒಂದು ಎತ್ತು ಒಂದು ಕ್ವಿಂಟಲ್ ಹೊರುತ್ತದೆ ಎಂದಿಟ್ಟುಕೊಂಡರೆ ಪ್ರತಿದಿನ 500 ಎತ್ತುಗಳು ಬರಬೇಕು. ಹನ್ನೆರಡು ವರ್ಷಕ್ಕೆ ಸುಮಾರು 22 ಲಕ್ಷ ಕ್ವಿಂಟಲ್. ಕುದುರೆಗಳ ಹುರುಳಿ, ಹುಲ್ಲು ಇದರಲ್ಲಿ ಸೇರಿಲ್ಲ. ರೇಷ್ಮೆ ವ್ಯಾಪಾರದಲ್ಲಿ ಕೂದಲು ನೆರೆದ ಪಕ್ಕದ ಮನೆಯವರು ಆ ಅಂಕಿ ನೋಡಿ, ‘ಇಷ್ಟು ಧಾನ್ಯ ಕೊಳ್ಳುವವನು ಯುದ್ಧ ಯಾಕೆ ಮಾಡ್ತಾನೆ, ಆ ದ್ವೀಪವನ್ನೇ ಕೊಂಡುಕೊಳ್ತಾನೆ’ ಎಂದರು. ಒಂದು ಲಕ್ಷ ಇಳಿದು ಇಳಿದು ಎಂಟು ನೂರಕ್ಕೆ ಬಂದು ನಿಂತಿತು. ಹನ್ನೆರಡು ವರ್ಷ ಎಂಬುದನ್ನು ಮಾತ್ರ ಹುಡುಗರು ಮುಟ್ಟಲಿಲ್ಲ. ಮಾದಪ್ಪನ ಕಥೆಯಲ್ಲೂ, ಪಾಂಡವರ ವನವಾಸದಲ್ಲೂ ಹನ್ನೆರಡು ವರ್ಷವೆಂದರೆ ಅದು ಲೆಕ್ಕವಲ್ಲ, ‘ಬಹಳ ಕಾಲ’ ಎಂದು ಹೇಳುವ ರೀತಿ ಎಂದು ಹನೂರಿನ ಹುಡುಗ ವಾದಿಸಿದ.

ಅಕ್ಕಿಯ ಹಿಂದೆ ಹೋದಾಗಲೇ ನಮ್ಮ ಊರಿನ ನಿಜವಾದ ಯುದ್ಧವೂ ಸಿಕ್ಕಿದ್ದು. 1799ರ ಏಪ್ರಿಲ್‌ನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಶ್ರೀರಂಗಪಟ್ಟಣವನ್ನು ಸುತ್ತುವರಿದಿತ್ತು, ಆದರೆ ಅಕ್ಕಿ ತೀರುತ್ತ ಬಂದಿತ್ತು. ತಮಿಳು ಸೀಮೆಯಿಂದ ಧಾನ್ಯ ತರುತ್ತಿದ್ದ ಕರ್ನಲ್ ರೀಡ್ ಮತ್ತು ಕರ್ನಲ್ ಬ್ರೌನ್ ಅವರ ತುಕಡಿಗಳನ್ನು ಕಾಯ್ದು ಕರೆತರಲು ಜನರಲ್ ಫ್ಲಾಯ್ಡ್‌ನನ್ನು ಕಾವೇರಿಪುರದ ಕಣಿವೆಯ ಕಡೆಗೆ ಕಳಿಸಲಾಯಿತು. ಇಂದಿನ ಮೆಟ್ಟೂರಿನ ಬಳಿಯಿಂದ ಬೆಟ್ಟ ಹತ್ತಿ ಕೌದಳ್ಳಿ, ಹನೂರಿನ ಮೇಲೆ ಕೊಳ್ಳೇಗಾಲಕ್ಕೆ ಬರುವ ಹಳೆಯ ದಾರಿ ಅದು. ಮರುವರ್ಷ ಬುಕನನ್ ಬೆಟ್ಟ ಇಳಿದು ಹೋದದ್ದೂ ಅದೇ ದಾರಿಯಲ್ಲಿ. ಸೈನ್ಯಗಳ ಧಾನ್ಯವನ್ನು ಆ ಕಾಲದಲ್ಲಿ ಹೊರುತ್ತಿದ್ದವರು ಬಂಜಾರರು, ಅವರ ಸಾವಿರಾರು ಹೇರೆತ್ತುಗಳು. ಮೇ 4ರಂದು ಕೋಟೆ ಬಿತ್ತು, ಸುಲ್ತಾನ್ ಶಹೀದರಾದರು. ಈ ಅಕ್ಕಿ ಶ್ರೀರಂಗಪಟ್ಟಣ ಸೇರಿದ್ದು ಅದಾದ ಮೇಲೆ.

ಶಾಲೆಯ ಪುಸ್ತಕದಲ್ಲಿ ಯುದ್ಧವೆಂದರೆ ಕೋಟೆ, ಫಿರಂಗಿ, ದ್ರೋಹ. ಆದರೆ ಹನೂರಿನ ದಾರಿಯಲ್ಲಿ ನಿಂತು ನೋಡಿದರೆ ಯುದ್ಧವೆಂದರೆ ಎತ್ತಿನ ಗೊರಸಿನ ಧೂಳು. ಆ ಎತ್ತುಗಳು ದಾರಿಯ ಹೊಲಗಳಲ್ಲಿ ಏನು ಮೇದವು ಎಂದು ಹನೂರಿನ ಹುಡುಗ ಕೇಳಿದ. ಅಂದಿನಿಂದ ಅವನ ಪಾತ್ರ ಬಿಲ್ಲುಗಾರನಲ್ಲ, ಹೇರೆತ್ತು ಹೊಡೆಯುವವನು. ಬಿಲ್ಲು ಬಿಟ್ಟದ್ದಕ್ಕೆ ಅವನಿಗೆ ಬೇಸರವೇನೂ ಇಲ್ಲ. ಇಡೀ ದಂಡು ಈಗ ಅವನನ್ನು ಕೇಳಿ ಉಣ್ಣಬೇಕು.

ಯುದ್ಧ ಮುಗಿದ ಮೇಲೆ ಏನಾಯಿತು ಎಂಬುದು ಕರಡಿನಲ್ಲಿ ಇರಲೇ ಇಲ್ಲ. ನಮ್ಮ ಮೂರು ಊರುಗಳಿಗೆ ಅದು ಚೆನ್ನಾಗಿ ಗೊತ್ತು. 1799ರಲ್ಲಿ ಕೊಳ್ಳೇಗಾಲ ಮೈಸೂರಿನಿಂದ ಕಳಚಿ ಬ್ರಿಟಿಷರ ಪಾಲಾಯಿತು, ಕೊಯಮತ್ತೂರು ಜಿಲ್ಲೆಗೆ ಸೇರಿತು. ಕನ್ನಡ ಮಾತಾಡುವ ಈ ಜನರ ಜಿಲ್ಲಾ ಕಚೇರಿ 1956ರ ನವೆಂಬರ್ 1ರವರೆಗೂ ಅಲ್ಲೇ ಇತ್ತು. ಯಳಂದೂರು ಒಂದು ಬಸ್ಸಿನ ದೂರ. ಆದರೆ ಅದು ಮೈಸೂರು ಸಂಸ್ಥಾನದಲ್ಲೇ ಉಳಿದು 1807ರಲ್ಲಿ ಪೂರ್ಣಯ್ಯನವರ ಜಹಗೀರಾಯಿತು. ಹೈದರ್, ಟಿಪ್ಪು ಇಬ್ಬರ ಖಜಾನೆಯನ್ನೂ ನೋಡಿಕೊಂಡು, ಟಿಪ್ಪುವಿನ ಸಾವಿನ ನಂತರ ಒಡೆಯರ ದಿವಾನರೂ ಆದ ಮನುಷ್ಯ ಅವರು. ಅವರ ಬಂಗಲೆಯ ಮುಂದೆ ನಿಂತ ಯಳಂದೂರಿನ ಹುಡುಗಿ, ‘ನಮ್ಮ ಆಟದಲ್ಲೂ ಇಂಥವರೊಬ್ಬರು ಬೇಕು. ಎರಡೂ ಕಡೆಯವರಿಗೂ ಬೇಕಾದವರು’ ಎಂದಳು. ದ್ರೋಹಿ ಎಂದೋ ದಕ್ಷ ಎಂದೋ ಒಂದೇ ಪದದಲ್ಲಿ ಮುಗಿಸಿಬಿಡಲು ನಾವು ಅವಸರಪಡುವ ವ್ಯಕ್ತಿಯನ್ನು ಅವಳು ‘ಬೇಕಾದವರು’ ಅಂದದ್ದು ನಮ್ಮ ಮನಸ್ಸಿನಲ್ಲಿ ಉಳಿಯಿತು. ಕತ್ತಿ ಹಿಡಿದವರೆಲ್ಲ ಹೋದ ಮೇಲೂ ಲೆಕ್ಕ ಬಲ್ಲವನು ಬೇಕಾಗುತ್ತಾನೆ.

ಹನೂರಿನ ಹಿರಿಯರು ಹೇಳಿದ ಕಥೆಗಳನ್ನು ಇಲ್ಲಿ ಪೂರ್ತಿ ಬರೆಯಲು ಜಾಗವಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಹದೇಶ್ವರರ ಕಥೆಯಲ್ಲಿ ಬಂಕಾಪುರಿಯ ಶ್ರವಣ ಬರುತ್ತಾನೆ. ದೇವತೆಗಳನ್ನೇ ಜೀತಕ್ಕಿಟ್ಟುಕೊಂಡ ದೊರೆ ಅವನು. ಅವನನ್ನು ಮುಗಿಸುವುದು ಕತ್ತಿಯಲ್ಲ, ಹರಳಯ್ಯ ಹೊಲಿದುಕೊಟ್ಟ ಪಾದರಕ್ಷೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷಕ್ಕೆ ಹೋಗುವುದೇ ಒಂದು ಕಾಳಗ. ಶತ್ರು ಎಂಬವನು ಬಂದದ್ದು ಎಲ್ಲಿಂದ, ಅವನ ಗಡ್ಡ ಎಷ್ಟುದ್ದ ಎಂಬುದು ಈ ಕಥೆಗಳಿಗೆ ಮುಖ್ಯವಲ್ಲ. ಜೀತ ಮಾಡಿಸುವವನು, ಕೊಡಬೇಕಾದ್ದನ್ನು ಕೊಡದವನು ಇಲ್ಲಿ ಶತ್ರು. ಅಳಿಯ ಮಡಿಸಿಟ್ಟ ಹಾಳೆಯನ್ನು ತೆಗೆದು ರುಮಾಲಿನ ಸವಾರರನ್ನು ಅಳಿಸಿದ್ದು ಹನೂರಿನಿಂದ ಬಂದ ಆ ರಾತ್ರಿ.

ಇಷ್ಟೆಲ್ಲ ಸೇರಿದ ಮೇಲೆ ಒಂದು ತೊಡಕು ಎದುರಾಯಿತು. ಕಲ್ಪನೆ ಯಾವುದು, ಕೇಳಿದ್ದು ಯಾವುದು, ಓದಿದ್ದು ಯಾವುದು ಎಂಬುದು ಕಲಸಿಹೋಗತೊಡಗಿತು. ಗಂಗರಾಜ ಹನ್ನೆರಡು ವರ್ಷ ಹೋರಾಡಿದ್ದು ಶಾಸನದಲ್ಲಿದೆ ಎಂದು ಗುಂಪಿನ ಒಬ್ಬ ಕಾಲೇಜಿನಲ್ಲಿ ಹೇಳಿಕೊಂಡು ಬಂದ. ಆಗ ನಾವು ಒಂದು ನೋಟ್‌ಬುಕ್ ತಂದು ನಡುವೆ ಗೆರೆ ಎಳೆದೆವು. ಎಡಕ್ಕೆ ಸಂಗತಿ, ಬಲಕ್ಕೆ ಅದನ್ನು ನಮಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು. ನಾವೇ ಹುಟ್ಟಿಸಿದ್ದಾದರೆ ‘ನಮ್ಮದು’ ಎಂದು ಬರೆಯಬೇಕು. ಇದೇನೂ ಹೊಸ ಉಪಾಯವಲ್ಲ. ಹದೀಸ್ ವಿದ್ವಾಂಸರು ಪ್ರತಿಯೊಂದು ಮಾತಿನ ಹಿಂದೆಯೂ ವರದಿಗಾರರ ಸರಣಿಯನ್ನು ಪರೀಕ್ಷಿಸಿದರು. ಸರಣಿಯಲ್ಲಿ ಒಬ್ಬ ಸುಳ್ಳುಗಾರ ಕಂಡರೆ ಮಾತು ಎಷ್ಟೇ ಸೊಗಸಾಗಿದ್ದರೂ ಪಕ್ಕಕ್ಕಿಟ್ಟರು. ಹುಸಿ ಹದೀಸ್‌ಗಳನ್ನು ಹೆಕ್ಕಿ ತೆಗೆದು ಬೇರೆ ಗ್ರಂಥಗಳನ್ನೇ ಬರೆದರು. ಸುದ್ದಿ ತಂದವನನ್ನು ವಿಚಾರಿಸದೆ ಯಾವುದೋ ಜನರಿಗೆ ಹಾನಿ ಮಾಡಿ ಆಮೇಲೆ ಪರಿತಪಿಸುವಂತಾಗಬಾರದೆಂದು ಪವಿತ್ರ ಕುರ್‌ಆನ್ ಅಲ್‌ಹುಜುರಾತ್ ಅಧ್ಯಾಯದಲ್ಲಿ ಎಚ್ಚರಿಸುತ್ತದೆ.

ಆಟದ ನೋಟ್‌ಬುಕ್ಕಿಗೆ ಇದೆಲ್ಲ ಯಾಕೆ ಎಂದು ಕೇಳುವವರು 2023ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಪ್ರಧಾನಿಯವರ ಭೇಟಿಗಾಗಿ ಮಂಡ್ಯದಲ್ಲಿ ನಿಲ್ಲಿಸಿದ ಕಮಾನಿನ ಮೇಲೆ ಉರಿಗೌಡ, ನಂಜೇಗೌಡ ಎಂಬ ಎರಡು ಹೆಸರುಗಳು ಕಾಣಿಸಿಕೊಂಡವು. ಟಿಪ್ಪುವನ್ನು ಕೊಂದವರು ಬ್ರಿಟಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬ ಮಾತು ಅದಕ್ಕೆ ಮೊದಲೇ, 2022ರಲ್ಲಿ ಮೈಸೂರಿನ ರಂಗಾಯಣದ ನಾಟಕವೊಂದರಿಂದ ಹಬ್ಬಿತ್ತು. ವಿವಾದವೆದ್ದು ಕಮಾನಿನ ಹೆಸರು ಬದಲಾಯಿತು. ಸಚಿವರೊಬ್ಬರು ಇವರ ಮೇಲೆ ಸಿನಿಮಾ ಮಾಡುವುದಾಗಿ ಘೋಷಿಸಿದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಕರೆದು ಮಾತಾಡಿದ ಮೇಲೆ ಅದನ್ನು ಕೈಬಿಟ್ಟರು. ದಾಖಲೆ, ಶಾಸನಗಳ ಆಧಾರ ಬೇಕೆಂಬುದು ಸ್ವಾಮೀಜಿಯವರ ನಿಲುವಾಗಿತ್ತು. ಗೆರೆ ಎಳೆದ ನಮ್ಮ ನೋಟ್‌ಬುಕ್ಕಿನ ಬಲಗಡೆ ಅವರು ಕೇಳಿದ್ದೂ ಅದನ್ನೇ.

1799ರ ಮೇ 4ರ ರಾತ್ರಿ ಕೋಟೆಯ ಬಾಗಿಲ ಬಳಿ ಹೆಣಗಳ ರಾಶಿಯಲ್ಲಿ ಸುಲ್ತಾನರ ದೇಹ ಸಿಕ್ಕಿತು. ಗುಂಡು ಹೊಡೆದ ಸೈನಿಕ ಯಾರೆಂದು ಯಾರೂ ಗುರುತಿಸಲಿಲ್ಲ. ಇತಿಹಾಸದಲ್ಲಿ ಅಲ್ಲೊಂದು ಖಾಲಿ ಜಾಗವಿದೆ. ಕಥೆಗಾರ ಆ ಜಾಗದಲ್ಲಿ ಕೂತು ‘ಇದು ನನ್ನ ಕಥೆ’ ಎಂದರೆ ಯಾರಿಗೂ ನಷ್ಟವಿಲ್ಲ. ಅದೇ ಕಥೆಯನ್ನು ಕಮಾನು ಮಾಡಿ ರಸ್ತೆಯಲ್ಲಿ ನಿಲ್ಲಿಸಿದರೆ ಅದರ ಕೆಳಗೆ ನಡೆದುಹೋಗಬೇಕಾದವರು ಮಂಡ್ಯ, ಕೊಳ್ಳೇಗಾಲದ ನೆರೆಹೊರೆಯವರು. ನಮ್ಮ ಕಡೆಯ ಕಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಟಿಪ್ಪು ಕಾಡಿನಲ್ಲಿ ಹುಲಿಯೊಂದಿಗೆ ಕೈಕೈ ಮಿಲಾಯಿಸಿದ್ದನ್ನು ಕಣ್ಣಾರೆ ಕಂಡವರಂತೆ ವರ್ಣಿಸುವ ಭಾಷಣಕಾರರನ್ನು ಬಲಗಡೆಯ ಅಂಕಣ ತುಂಬಿಸಿ ಎಂದರೆ ಅವರಿಗೂ ಬೆವರೊಡೆದೀತು.

ಕಲ್ಪನೆಯೇ ಬೇಡವೆಂದು ಇದರ ಅರ್ಥವಲ್ಲ. ನಮ್ಮ ಹಿರಿಯರು ದಾಸ್ತಾನ್ ಕೇಳಿ ಬೆಳೆದವರು. ಅಮೀರ್ ಹಂಝಾರ ದಾಸ್ತಾನಿನಲ್ಲಿ ದೇವ್‌ಗಳು, ಪರಿಗಳು, ಮಾಯಾನಗರಗಳು. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ 1880ರ ದಶಕದಿಂದ ಅದನ್ನು ಸಂಪುಟಗಟ್ಟಲೆ ಅಚ್ಚು ಹಾಕಿತು. ಅದರ ನಾಯಕನ ಹೆಸರು ಪ್ರವಾದಿಯವರ(ಸ) ಚಿಕ್ಕಪ್ಪ, ಉಹುದ್‌ನಲ್ಲಿ ಶಹೀದರಾದ ಹಝ್ರತ್ ಹಂಝಾರದೇ(ರ). ಹಾಗಿದ್ದೂ ದಾಸ್ತಾನ್ ಕೇಳಿದ ಯಾರೂ ಅದನ್ನು ಸೀರತ್ ಎಂದು ಮಸೀದಿಯಲ್ಲಿ ಓದಲಿಲ್ಲ. ಹೇಳುವವನಿಗೂ ಕೇಳುವವನಿಗೂ ಗೆರೆ ಎಲ್ಲಿದೆ ಎಂದು ಗೊತ್ತಿತ್ತು. ಇಷ್ಟು ಸರಳವಾದ ವಿವೇಕ ಅಕ್ಷರ ಬಾರದ ಕೇಳುಗರಲ್ಲೂ ಇತ್ತು. ಪದವಿ ಪಡೆದವರಲ್ಲಿ ಅದು ಯಾಕೆ ಕಾಣೆಯಾಗುತ್ತಿದೆ ಎಂಬುದು ಬೇರೆಯೇ ಲೇಖನದ ವಿಷಯ.

ಬುಕನನ್‌ನ ಪುಸ್ತಕದಿಂದ ನಮ್ಮ ಹುಡುಗರಿಗೆ ಇನ್ನೂ ಒಂದು ಉಡುಗೊರೆ ಸಿಕ್ಕಿತು. ಅವನು ಬಂದಾಗ ಶಿವನಸಮುದ್ರ ಕಾಡಾಗಿತ್ತು. ದೆವ್ವಕ್ಕೂ ಹುಲಿಗೂ ಹೆದರಿ ಜನ ಅಲ್ಲಿ ನೆಲೆಸುತ್ತಿರಲಿಲ್ಲ. ಎರಡಕ್ಕೂ ಹೆದರದೆ ಗಗನಚುಕ್ಕಿಯ ಬಳಿ ಇದ್ದವರು ಇಬ್ಬರು ಮುಸ್ಲಿಮ್ ಫಕೀರರು ಮಾತ್ರ. ಒಬ್ಬ ಹಳೆಯ ಸಂತರ ಸಮಾಧಿಯ ಎದುರು ಸುತ್ತಲೂ ತೆರೆದ ಗುಡಿಸಲು, ಗುಡಿಸಿ ಸಾರಿಸಿದ ಅಂಗಳ, ಘಮಘಮಿಸುವ ಹೂಮರಗಳು ಎಂದು ಅವನು ಬರೆಯುತ್ತಾನೆ. ಇಂದೂ ಗಗನಚುಕ್ಕಿಯ ಪಕ್ಕದಲ್ಲಿ ಮರ್ದಾನೆ ಗೈಬ್ ದರ್ಗಾ ಇದೆ, ಎಲ್ಲ ಜಾತಿಮತದ ಜನ ಹೋಗುತ್ತಾರೆ. ರುಮಾಲು, ಗಡ್ಡಗಳನ್ನು ಅಳಿಸಿದ್ದ ಅಳಿಯ ಅವೆರಡನ್ನೂ ಮತ್ತೆ ಬರೆದ. ಈ ಸಲ ಅವು ಯುದ್ಧ ಮುಗಿದು ಎಲ್ಲರೂ ಓಡಿಹೋದ ಊರಿನಲ್ಲಿ ಹೂಗಿಡಕ್ಕೆ ನೀರು ಹಾಕುವ ಇಬ್ಬರಿಗೆ. ದಾರಿ ತಪ್ಪಿದ ಆಟಗಾರರು ರಾತ್ರಿ ತಂಗುವುದು ಅವರ ಗುಡಿಸಲಿನಲ್ಲಿ. ಬಲಗಡೆಯ ಅಂಕಣದಲ್ಲಿ ‘ಬುಕನನ್, 1800’ ಎಂದಿದೆ. ಅವರು ಆಟಗಾರರಿಗೆ ಬಡಿಸುವ ರಾಗಿಮುದ್ದೆ, ಹುರುಳಿ ಸಾರಿನ ಮುಂದೆ ‘ನಮ್ಮದು’ ಎಂದಿದೆ.

ಕಳೆದ ಭಾನುವಾರ ಕಥೆ ಹಾಯ್ಗಡದ ರಾತ್ರಿಗೆ ಬಂದು ನಿಂತಿತು. ದಳವಾಯಿಯ ಪಾತ್ರ ಈಗ ಯಳಂದೂರಿನ ಹುಡುಗಿಯದು. ಕಾವಲು ತೆಗೆಸುವ ಮುನ್ನ ಅವಳು ಒಂದು ಪ್ರಶ್ನೆ ಹಾಕಿದಳು: ‘ನನಗೆ ಎಷ್ಟು ಕೊಟ್ಟರು?’ ಬುಕನನ್ ಅದನ್ನು ಬರೆದಿಲ್ಲ. ಹಣವೋ, ಊರೋ, ಯಾರದಾದರೂ ಪ್ರಾಣವೋ? ಬೆಲೆ ತಿಳಿಯದೆ ಸಹಿ ಹಾಕುವುದಿಲ್ಲ ಎಂದು ಹುಣಸೆ ಬೀಜದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ನೋಟ್‌ಬುಕ್ಕಿನಲ್ಲಿ ಆ ಸಾಲು ಎಡಕ್ಕೂ ಬಲಕ್ಕೂ ಖಾಲಿಯಿದೆ. ಆರು ಗಂಟೆಯ ಬಸ್ಸಿಗೆ ಹೊತ್ತಾಯಿತೆಂದು ಎಲ್ಲರೂ ಎದ್ದರು. ಮುಂದಿನ ಭಾನುವಾರ ಅವಳಿಗೆ ಉತ್ತರ ಕೊಡಬೇಕು.